ಚಿಪ್ ಕಲಿಯಲು ಹೋದವರು

ನಾನು ಎಲೆಕ್ಟ್ರಾನಿಕ್ಸ್ ಪಾಠ ಹೇಳುವವಳು. ಗುಜರಾತಿನ ಧೊಲೇರಾದಲ್ಲಿ ಟಾಟಾದವರು ತೈವಾನಿನ ಪಿಎಸ್‌ಎಂಸಿ ಜೊತೆ ಸೇರಿ ಚಿಪ್ ಕಾರ್ಖಾನೆ ಕಟ್ಟುವ ಸುದ್ದಿ ಬಂದಾಗಿನಿಂದ ವಿದ್ಯಾರ್ಥಿಗಳದ್ದು ಒಂದೇ ಪ್ರಶ್ನೆ: "ಅವರು ನಮಗೆ ನಿಜವಾಗಿ ಕಲಿಸ್ತಾರಾ ಮೇಡಂ?"

ನಾನು ಅವರಿಗೆ ತೈವಾನಿನದೇ ಕಥೆ ಹೇಳುತ್ತೇನೆ. 1974ರ ಫೆಬ್ರವರಿಯಲ್ಲಿ ತೈಪೆಯ ಸೋಯಾಹಾಲಿನ ಅಂಗಡಿಯೊಂದರಲ್ಲಿ ಏಳು ಮಂದಿ ಬೆಳಗಿನ ತಿಂಡಿಗೆ ಕೂತಿದ್ದರು. ಒಬ್ಬರು ಸಚಿವ ಸುನ್ ಯುನ್‌ಸುವಾನ್. ಇನ್ನೊಬ್ಬರು ಅಮೆರಿಕದ ಆರ್‌ಸಿಎ ಕಂಪನಿಯಲ್ಲಿದ್ದ ಪಾನ್ ವೆನ್‌ಯುವಾನ್. ತೈವಾನ್ ಚಿಪ್ ತಯಾರಿಕೆ ಕಲಿಯಲು ನಾಲ್ಕು ವರ್ಷ, ಒಂದು ಕೋಟಿ ಡಾಲರ್ ಬೇಕು ಎಂದರು ಪಾನ್. ಬಟ್ಟೆ ಹೊಲಿದು, ರೇಡಿಯೊ ಜೋಡಿಸಿ ಬದುಕುತ್ತಿದ್ದ ನಾಡಿಗೆ ಅದು ಸಣ್ಣ ಮೊತ್ತವಲ್ಲ. ಸಚಿವರು ಒಪ್ಪಿದರು.

1976ರಲ್ಲಿ ಆರ್‌ಸಿಎ ಜೊತೆ ಒಪ್ಪಂದವಾಯಿತು. ಸಿಕ್ಕಿದ್ದು ಏಳು ಮೈಕ್ರಾನಿನ ತಂತ್ರಜ್ಞಾನ, ಆಗಲೇ ಹಳತು. ಆದರೆ ತರಬೇತಿಯೂ ಒಪ್ಪಂದದಲ್ಲೇ ಇತ್ತು. ಸರ್ಕಾರಿ ಸಂಶೋಧನಾ ಸಂಸ್ಥೆ ಐಟಿಆರ್‌ಐ ತನ್ನ ಎಳೆಯ ಎಂಜಿನಿಯರುಗಳನ್ನು ಅಮೆರಿಕಕ್ಕೆ ಕಳಿಸಿತು. ಕೆಲವರು ವಿನ್ಯಾಸ ಕಲಿತರು, ಕೆಲವರು ತಯಾರಿಕೆ, ಕೆಲವರು ಪರೀಕ್ಷೆ.

ಹೀಗೆ ಕೈಯಾರೆ ಕಲಿಯದೆ ಚಿಪ್ ಕೆಲಸ ನಡೆಯದು. ಒಂದು ಸಿಲಿಕಾನ್ ಬಿಲ್ಲೆ ನೂರಾರು ಹಂತ ದಾಟಬೇಕು. ಎಲ್ಲೋ ಒಂದು ಕಡೆ ಶಾಖವೋ ಅನಿಲವೋ ತುಸು ಹೆಚ್ಚುಕಡಿಮೆಯಾದರೆ ಬಿಲ್ಲೆಯ ಮೇಲಿನ ಚಿಪ್‌ಗಳು ಕೆಡುತ್ತವೆ. ಕೆಟ್ಟದ್ದು ಎಲ್ಲಿ, ಯಾಕೆ ಎಂದು ಗುರುತಿಸುವ ಕಣ್ಣು ಯಂತ್ರದ ಪಕ್ಕ ನಿಂತೇ ಬರಬೇಕು. ಒಂದು ಬಿಲ್ಲೆಯಲ್ಲಿ ಸರಿಯಾಗಿ ಬಂದ ಚಿಪ್‌ಗಳ ಪ್ರಮಾಣವೇ ಇಳುವರಿ. 1977ರಲ್ಲಿ ಶುರುವಾದ ಐಟಿಆರ್‌ಐ ಘಟಕ ಕೆಲವೇ ತಿಂಗಳಲ್ಲಿ ಇಳುವರಿಯಲ್ಲಿ ಆರ್‌ಸಿಎಯನ್ನೇ ಹಿಂದೆ ಹಾಕಿತು. ಐಟಿಆರ್‌ಐಯಿಂದಲೇ 1980ರಲ್ಲಿ ಯುಎಂಸಿ ಎಂಬ ಚಿಪ್ ಕಂಪನಿ ಹುಟ್ಟಿತು. 1987ರಲ್ಲಿ, ಡಚ್ ಕಂಪನಿ ಫಿಲಿಪ್ಸ್ ಪಾಲುದಾರನಾಗಿ, ಟಿಎಸ್‌ಎಂಸಿ.

ಧೊಲೇರಾಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ. ವೆಚ್ಚ 91,000 ಕೋಟಿ ರೂಪಾಯಿ, ಗುರಿ ತಿಂಗಳಿಗೆ 50,000 ಬಿಲ್ಲೆ. ಅಲ್ಲಿ ಮಾಡಲಿರುವ 28 ನ್ಯಾನೋಮೀಟರ್ ಚಿಪ್ ಹಳೆಯ ಸರಕು ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ಚಿಂತೆಯಿಲ್ಲ. ಕಾರಿಗೆ ಬೇಕಾದ ಎಷ್ಟೋ ಚಿಪ್‌ಗಳು ಇಂಥವೇ. ನನ್ನ ಚಿಂತೆ ಬೇರೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ನಮ್ಮ ಮಕ್ಕಳು ಜಗತ್ತಿಗೆಲ್ಲ ಚಿಪ್ ವಿನ್ಯಾಸ ಮಾಡಿದ್ದಾರೆ. ಆದರೆ ಚಿಪ್ ತಯಾರಿಸುವ ಕುಲುಮೆಯ ಮುಂದೆ ನಿಂತವರು ಬಹಳ ಕಡಿಮೆ. ಅದಕ್ಕೇ, ಧೊಲೇರಾಕ್ಕೆ ಅರ್ಜಿ ಹಾಕುವವರಿಗೆ ಹೇಳುತ್ತೇನೆ: ತೈವಾನಿಗೆ ಎಷ್ಟು ತಿಂಗಳು ಕಳಿಸುತ್ತೀರಿ, ಅಲ್ಲಿ ಯಾವ ಯಂತ್ರ ಮುಟ್ಟಲು ಬಿಡುತ್ತಾರೆ ಎಂದು ಸಂದರ್ಶನದಲ್ಲೇ ಕೇಳಿ.