ಇಂಗಾಲದ ಕಳೆ ಕೀಳುವ ಅನಿಲ

2023ರ ಫೆಬ್ರುವರಿ 1ರಂದು ದೆಹಲಿಯ ಸಂಸತ್ತಿನಲ್ಲಿ ಬಜೆಟ್ ಮಂಡಿಸಿದ ಹಣಕಾಸು ಸಚಿವೆ, ಕರ್ನಾಟಕದಿಂದ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್, ಪ್ರಯೋಗಾಲಯದಲ್ಲಿ ವಜ್ರ ಬೆಳೆಸುವ ಸಂಶೋಧನೆಗೆಂದು ಒಂದು ಐಐಟಿಗೆ ಐದು ವರ್ಷಗಳ ಅನುದಾನ ಘೋಷಿಸಿದರು. ಸುಮಾರು 243 ಕೋಟಿ ರೂಪಾಯಿಯ ಆ ನೆರವು ಮದ್ರಾಸ್ ಐಐಟಿಗೆ ದಕ್ಕಿತು. ಆಗಿನಿಂದ ಕ್ಯಾರೆಟ್ಟು, ಬೆಲೆ, ರಫ್ತಿನ ಮಾತು ಬೇಕಾದಷ್ಟು ನಡೆದಿದೆ. ಆ ವಜ್ರವನ್ನು ನಿಜಕ್ಕೂ ರೂಪಿಸುವ ಹೈಡ್ರೋಜನ್ನಿನ ಮಾತು ಮಾತ್ರ ಅಪರೂಪ.

ವಜ್ರ ಬೆಳೆಸುವ ಕೋಣೆಯಲ್ಲಿ ತುಂಬಿರುವುದು ಬಹುಪಾಲು ಹೈಡ್ರೋಜನ್. ಇಂಗಾಲ ಒದಗಿಸುವ ಮೀಥೇನ್ ನೂರಕ್ಕೆ ಐದು ಪಾಲಿನ ಆಸುಪಾಸು, ಹಲವೊಮ್ಮೆ ಅದಕ್ಕೂ ಕಡಿಮೆ. ಮೈಕ್ರೋವೇವ್ ಹಾಯಿಸಿದಾಗ ಅನಿಲ ಪ್ಲಾಸ್ಮಾ ಆಗಿ ಉರಿಯುತ್ತದೆ, ಹೈಡ್ರೋಜನ್ ಅಣುಗಳು ಒಡೆದು ಬಿಡಿ ಪರಮಾಣುಗಳಾಗುತ್ತವೆ. 700ರಿಂದ 1,000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿರುವ ವಜ್ರದ ಬೀಜದ ಮೇಲೆ ಇಂಗಾಲ ಕೂರುತ್ತದೆ. ಕೂತದ್ದೆಲ್ಲ ವಜ್ರವಾಗುವುದಿಲ್ಲ, ಗ್ರಾಫೈಟೂ ಹುಟ್ಟಿಕೊಳ್ಳುತ್ತದೆ. ಅಲ್ಲಿ ಹೈಡ್ರೋಜನ್ ಗದ್ದೆಗಿಳಿದ ರೈತನಂತೆ ಕಳೆ ಕೀಳುತ್ತದೆ. ಗ್ರಾಫೈಟನ್ನು ಅದು ಬೇಗ ತಿಂದುಹಾಕುತ್ತದೆ, ವಜ್ರದ ಗಟ್ಟಿ ಬಂಧಗಳನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಸವೆತ ಕೂರಿಕೆಗಿಂತ ಮುಂದಾದರೆ ಏನೂ ಬೆಳೆಯದು. ಹಿಂದೆ ಬಿದ್ದರೆ ಸಿಗುವುದು ಕಪ್ಪು ಮಸಿ.

ಬೆಳೆದದ್ದು ವಜ್ರವೇ ಎಂದು ತಿಳಿಯಲು ಪ್ರಪಂಚದ ಪ್ರಯೋಗಾಲಯಗಳು ನೆಚ್ಚಿಕೊಂಡಿರುವುದು ರಾಮನ್ ರೋಹಿತವನ್ನು. ಅದರಲ್ಲಿ ವಜ್ರದ ಗುರುತು 1332 cm⁻¹ ಬಳಿಯ ಒಂದು ಚೂಪು ಗೆರೆ. 1930ರಲ್ಲಿ ಅದನ್ನು ಕಂಡವರು ಸಿ. ರಾಮಸ್ವಾಮಿ. ಆ ರೋಹಿತಕ್ಕೆ ಹೆಸರು ಕೊಟ್ಟ ಸರ್ ಸಿ.ವಿ. ರಾಮನ್ ಅವರೂ ಬೆಂಗಳೂರಿನಲ್ಲಿ ವರ್ಷಗಟ್ಟಲೆ ವಜ್ರಗಳ ಬೆನ್ನುಹತ್ತಿದ್ದರು.

ಇದೇ ಹೈಡ್ರೋಜನ್, ಇದೇ ಇಂಗಾಲ ಪರಮಾಣು ಸಮ್ಮಿಲನ ರಿಯಾಕ್ಟರಿನೊಳಗೆ ಎದುರಾದಾಗ ಕಥೆ ಕಹಿಯಾಗುತ್ತದೆ. ಭಾರಿ ಶಾಖ ತಡೆಯುತ್ತದೆ, ಕರಗುವುದಿಲ್ಲ ಎಂಬ ಕಾರಣಕ್ಕೆ ಟೋಕಮಾಕ್ ಎಂಬ ಸಮ್ಮಿಲನ ಯಂತ್ರಗಳ ಒಳಗೋಡೆಗೆ ಗ್ರಾಫೈಟ್ ಹಚ್ಚುವುದು ದಶಕಗಳ ರೂಢಿ. ಆದರೆ ಬಿಸಿ ಗ್ರಾಫೈಟಿಗೆ ಬಡಿದ ಹೈಡ್ರೋಜನ್ ಅದರ ಇಂಗಾಲವನ್ನು ಹೈಡ್ರೋಕಾರ್ಬನ್ ಅನಿಲವಾಗಿಸಿ ಎಬ್ಬಿಸುತ್ತದೆ. ಆ ಅನಿಲ ಪ್ಲಾಸ್ಮಾದಲ್ಲಿ ಒಡೆದು, ತಣ್ಣಗಿನ ಸಂದುಗಳಲ್ಲಿ ಮತ್ತೆ ಪದರವಾಗಿ ಕೂರುತ್ತದೆ. ಕೂರುವಾಗ ರಿಯಾಕ್ಟರಿನ ಇಂಧನವಾದ ಹೈಡ್ರೋಜನನ್ನೂ ಒಳಗೆ ಹುದುಗಿಸಿಕೊಳ್ಳುತ್ತದೆ.

ಇಂಗ್ಲೆಂಡಿನ ಜೆಟ್ (JET) ಎಂಬ ಟೋಕಮಾಕ್‌ಗೆ 1997ರ ಪ್ರಯೋಗಗಳಲ್ಲಿ ಹೈಡ್ರೋಜನ್ನಿನ ಭಾರದ ರೂಪವಾದ ಟ್ರಿಟಿಯಂ ಅನ್ನು ಸುಮಾರು 35 ಗ್ರಾಂ ಊಡಿದ್ದರು. ಎಷ್ಟು ತೊಳೆದರೂ ಹೆಚ್ಚುಕಡಿಮೆ ಆರರಲ್ಲೊಂದು ಪಾಲು ಒಳಗೇ ಉಳಿಯಿತು. ಅಪರೂಪದ, ವಿಕಿರಣಶೀಲ ಇಂಧನ ಹೀಗೆ ಮಸಿಯಲ್ಲಿ ಸೇರಿಹೋಗುವುದನ್ನು ಯಾವ ವಿದ್ಯುತ್ ಸ್ಥಾವರವೂ ತಾಳಲಾರದು. 2011ರಲ್ಲಿ ಜೆಟ್ ಬೆರಿಲಿಯಂ ಮತ್ತು ಟಂಗ್‌ಸ್ಟನ್ ಗೋಡೆಗೆ ಬದಲಾಯಿತು. ಇಂಧನ ಅಂಟಿಕೊಳ್ಳುವುದು ಹತ್ತು ಪಟ್ಟಿಗೂ ಹೆಚ್ಚು ಇಳಿಯಿತು. ಭಾರತವೂ ಪಾಲುದಾರನಾಗಿರುವ ಫ್ರಾನ್ಸಿನ ಈಟರ್ (ITER) ಸಮ್ಮಿಲನ ಯೋಜನೆ ಇಂಗಾಲವನ್ನು ಕೈಬಿಟ್ಟದ್ದರ ಹಿಂದೆ ಈ ಪಾಠವಿದೆ.

ಎರಡೂ ಕಡೆ ಉಳಿಯುವ ಪ್ರಶ್ನೆ ಒಂದೇ: ಪದರದಲ್ಲಿ ಹೈಡ್ರೋಜನ್ ಎಷ್ಟಿದೆ? ಉತ್ತರ ಸುಲಭವಲ್ಲ. ಅದು ಎಲ್ಲಕ್ಕಿಂತ ಹಗುರವಾದ ಧಾತು. ಲೋಹಗಳನ್ನು ಗುರುತಿಸುವ ಎಕ್ಸ್‌ರೇ ವಿಧಾನಗಳ ಕಣ್ಣಿಗೆ ಬೀಳುವುದಿಲ್ಲ.

ದೆಹಲಿಯ ಹೆಚ್ಚುಗಾರಿಕೆ ಇಲ್ಲಿದೆ. ಜೆಎನ್‌ಯು ನೆರೆಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ (1984ರಲ್ಲಿ ಶುರುವಾದಾಗ ಅದು ನ್ಯೂಕ್ಲಿಯರ್ ಸೈನ್ಸ್ ಸೆಂಟರ್) ಪೆಲೆಟ್ರಾನ್ ಎಂಬ ದೊಡ್ಡ ವೇಗವರ್ಧಕವಿದೆ. ಬೆಳ್ಳಿಯಂಥ ಭಾರದ ಅಯಾನುಗಳನ್ನು ಅದು ತೆಳುಪದರದ ಮೇಲೆ ಓರೆಯಾಗಿ ಹಾಯಿಸುತ್ತದೆ. ಪೆಟ್ಟು ತಿಂದ ಹೈಡ್ರೋಜನ್ ಮುಂದಕ್ಕೆ ಸಿಡಿಯುತ್ತದೆ, ಶೋಧಕ ಅದನ್ನು ಎಣಿಸುತ್ತದೆ. ತೊಡಕೆಂದರೆ, ಅಳೆಯುವ ಕಿರಣವೇ ಪದರದಿಂದ ಹೈಡ್ರೋಜನ್ ಓಡಿಸುತ್ತಿರುತ್ತದೆ. ಡಿ.ಕೆ. ಅವಸ್ಥಿ ಮತ್ತು ಸಂಗಡಿಗರು ಅಲ್ಲಿ ಆ ನಷ್ಟವನ್ನೇ ಕ್ಷಣಕ್ಷಣಕ್ಕೆ ದಾಖಲಿಸಿ ಅಧ್ಯಯನದ ವಸ್ತುವಾಗಿಸಿಕೊಂಡರು. ನಗರದ ಇನ್ನೊಂದು ಭಾಗದಲ್ಲಿ, 1950ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಭೌತ ಪ್ರಯೋಗಾಲಯ ವಜ್ರಸದೃಶ ಇಂಗಾಲದ ಪದರಗಳನ್ನು ಪ್ಲಾಸ್ಮಾದಿಂದ ಕೂರಿಸುವ ಕೆಲಸ ಮಾಡುತ್ತ ಬಂದಿದೆ. ಅಂಥ ಪದರ ಮೆದುವೋ ಗಟ್ಟಿಯೋ ಎಂಬುದು ಬಹುಪಾಲು ಒಳಗಿನ ಹೈಡ್ರೋಜನ್ನಿನ ಲೆಕ್ಕ.

ವಜ್ರ ಬೆಳೆಸುವವರಿಗೆ ಸಿಕ್ಕಷ್ಟೇ ಮನ್ನಣೆ ಈ ಅಳತೆಗಾರರಿಗೂ ಸಲ್ಲಬೇಕು. ಅವರ ಕೆಲಸ ಮುಗಿದಿಲ್ಲ: ಗೋಡೆಗೆಲ್ಲ ಟಂಗ್‌ಸ್ಟನ್ ಹಚ್ಚಲು ಹೊರಟಿರುವ ಈಟರ್ ಅದರ ಮೇಲೆ ತೆಳುವಾಗಿ ಬೋರಾನ್ ಲೇಪಿಸಲಿದೆ, ಮತ್ತು ಬೋರಾನ್ ಪದರವೂ ಹೈಡ್ರೋಜನನ್ನು ಹಿಡಿದಿಟ್ಟುಕೊಳ್ಳುತ್ತದೆ.