ಕಾರಿನ ಬ್ರೇಕ್ ಮೆತ್ತಗಾದಾಗ: ಕಾರಣ, ಪರೀಕ್ಷೆ ಹಾಗೂ ದುರಸ್ತಿ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಕಾರು ವ್ಯವಹಾರದ ಸಾಧನವೇ ಆಗಿದೆ. ಬನಹಟ್ಟಿಯ ಸೀರೆಯ ಗಂಟು, ಮಹಾಲಿಂಗಪುರ ಪೇಟೆಯ ಬೆಲ್ಲದ ಮಾದರಿ, ಯಂತ್ರದ ಬಿಡಿಭಾಗ ಮುಂತಾದವು ಮಾಲೀಕರ ಕಾರಿನಲ್ಲಿಯೇ ಸಾಗುವುದುಂಟು. ಇಂತಹ ವಾಹನದ ಬ್ರೇಕ್ ಪೆಡಲ್ ಮೆತ್ತಗಾಗತೊಡಗಿದರೆ ಹಲವರು ಎರಡು-ಮೂರು ಬಾರಿ ಪಂಪ್ ಮಾಡಿ ದಿನ ದೂಡುತ್ತಾರೆ. ಕಬ್ಬಿನ ಹಂಗಾಮಿನ ರಾತ್ರಿಯಲ್ಲಿ, ಹಿಂಬದಿ ದೀಪವಿಲ್ಲದ ಟ್ರಾಕ್ಟರ್ ಟ್ರೇಲರ್ ಹಠಾತ್ತನೆ ಎದುರಾದಾಗ ಪಂಪ್ ಮಾಡಲು ಸಮಯ ಸಿಗುವುದಿಲ್ಲ. ಪೆಡಲ್ ಮೆತ್ತಗಾದ ಬಗೆಯಿಂದಲೇ ದೋಷದ ನೆಲೆಯನ್ನು ಬಹುಮಟ್ಟಿಗೆ ಗುರುತಿಸಬಹುದು. ಇದರಿಂದ ಅಪಾಯ ತಪ್ಪುವುದರ ಜೊತೆಗೆ ಬೇಡದ ಬಿಡಿಭಾಗಗಳಿಗೆ ಹಣ ತೆರುವುದೂ ತಪ್ಪುತ್ತದೆ.

ಪೆಡಲ್ ಮೆತ್ತಗಾಗುವುದೇಕೆ?

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ಕೊಳವೆಗಳ ಮೂಲಕ ಗಾಲಿಗಳತ್ತ ತಳ್ಳುತ್ತದೆ. ದ್ರವವು ಒತ್ತಡಕ್ಕೆ ಕುಗ್ಗುವುದು ಅತ್ಯಲ್ಪ. ಆದ್ದರಿಂದ ಕಾಲಿನ ಬಲವು ಡಿಸ್ಕಿನ ಪ್ಯಾಡುಗಳಿಗೂ ಡ್ರಮ್ಮಿನ ಶೂಗಳಿಗೂ ತಲುಪುತ್ತದೆ. ಗಾಳಿಯಾದರೋ ಸುಲಭವಾಗಿ ಕುಗ್ಗುತ್ತದೆ. ಕೊಳವೆಯಲ್ಲಿ ಗಾಳಿ ಸೇರಿದ್ದರೆ ಪೆಡಲಿನ ಚಲನೆಯ ಒಂದು ಪಾಲು ಅದನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ, ಪೆಡಲ್ ಸ್ಪಂಜಿನಂತೆ ಭಾಸವಾಗುತ್ತದೆ.

ಇನ್ನೊಂದು ಕಾರಣ ಹಳೆಯ ಬ್ರೇಕ್ ಆಯಿಲ್. ರೂಢಿಯಲ್ಲಿ ಆಯಿಲ್ ಎನ್ನುತ್ತೇವಾದರೂ ಡಾಟ್ 3 ಮತ್ತು ಡಾಟ್ 4 ದರ್ಜೆಯವು ಗ್ಲೈಕಾಲ್ ಜಾತಿಯ ದ್ರವಗಳು; ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತವೆ. ಡಾಟ್ 3 ದ್ರವದ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ನಿಗದಿತ ಪ್ರಮಾಣದ ತೇವಾಂಶ ಸೇರಿದ ಮೇಲಿನ ಕನಿಷ್ಠ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಈ ಮಿತಿಗಳು ಕ್ರಮವಾಗಿ 230 ಮತ್ತು 155. ನಮ್ಮ ತಾಲೂಕುಗಳಲ್ಲಿ ದೊಡ್ಡ ಘಟ್ಟಗಳಿಲ್ಲವಾದ್ದರಿಂದ ಈ ದೌರ್ಬಲ್ಯ ದಿನನಿತ್ಯ ಅರಿವಿಗೆ ಬಾರದು. ಬೆಳಗಾವಿ ದಾಟಿ ಗೋವಾದತ್ತ ಚೋರ್ಲಾ ಘಾಟಿನಲ್ಲಿ ಇಳಿಯುವಾಗ ಬ್ರೇಕ್ ಸತತವಾಗಿ ಬಿಸಿಯಾಗಿ ದ್ರವ ಕುದಿದರೆ, ಕೊಳವೆಯಲ್ಲಿ ಆವಿ ತುಂಬಿ ಪೆಡಲ್ ಒಮ್ಮೆಲೇ ಕೆಳಗಿಳಿಯಬಹುದು. ಇಳಿಜಾರಿನಲ್ಲಿ ಕೆಳ ಗೇರಿನಲ್ಲಿ ಸಾಗಬೇಕೆನ್ನುವುದು ಇದಕ್ಕಾಗಿಯೇ.

ಪರೀಕ್ಷಿಸುವ ಕ್ರಮ

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಅಡೆಗಲ್ಲು ಕೊಟ್ಟು, ಮೊದಲು ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಬೇಕು. ಪ್ಯಾಡು ಸವೆದಂತೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಬೇಗನೆ ಇಳಿದರೆ ಸೋರಿಕೆಯಿದೆ ಎಂದರ್ಥ. ನಾಲ್ಕೂ ಗಾಲಿಗಳ ಒಳಬದಿ, ರಬ್ಬರ್ ಹೋಸ್ ಪೈಪುಗಳು ಹಾಗೂ ಮಾಸ್ಟರ್ ಸಿಲಿಂಡರಿನ ಹಿಂಭಾಗದಲ್ಲಿ ಪಸೆಯಿದೆಯೇ ಎಂದು ಪರಿಶೀಲಿಸಬೇಕು.

ಅನಂತರ ಇಂಜಿನ್ ಆರಿಸಿ, ಬೂಸ್ಟರಿನ ನೆರವು ಮುಗಿಯುವಂತೆ ನಾಲ್ಕೈದು ಬಾರಿ ಪೆಡಲ್ ಒತ್ತಿ ಬಿಟ್ಟು, ಮುಂದಿನ ಲಕ್ಷಣಗಳನ್ನು ಗಮನಿಸಬೇಕು.

1. ಪೆಡಲ್ ಸ್ಪಂಜಿನಂತಿದ್ದು, ಪಂಪ್ ಮಾಡಿದಂತೆ ಗಟ್ಟಿಯಾದರೆ ಕೊಳವೆಯಲ್ಲಿ ಗಾಳಿ ಇರುವ ಸಂಭವ ಹೆಚ್ಚು.

2. ಮೊದಲ ಒತ್ತಿಗೆ ಬಹಳ ಕೆಳಗಿಳಿದು, ಎರಡನೆಯ ಒತ್ತಿಗೆ ಮೇಲೆಯೇ ಗಟ್ಟಿಯಾಗಿ ನಿಂತರೆ ಹಿಂದಿನ ಡ್ರಮ್ಮಿನಲ್ಲಿ ಶೂಗಳ ಅಂತರ ಹೆಚ್ಚಾಗಿರಬಹುದು. ಅಡ್ಜಸ್ಟ್ ಮಾಡಿಸಿದರೆ ಅಥವಾ ಸವೆದ ಶೂ ಬದಲಿಸಿದರೆ ಸರಿಹೋಗುತ್ತದೆ.

3. ಕಾಲನ್ನು ಒಂದೇ ಬಲದಲ್ಲಿ ಅರ್ಧ ನಿಮಿಷ ಒತ್ತಿ ಹಿಡಿದಾಗ ಪೆಡಲ್ ಮೆಲ್ಲನೆ ಕೆಳಗಿಳಿದರೆ ಎಲ್ಲಿಯೋ ಸೋರಿಕೆಯಿದೆ. ಹೊರಗೆಲ್ಲೂ ಪಸೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ಪುಗಳು ಸವೆದಿರುವ ಸಾಧ್ಯತೆ ಹೆಚ್ಚು.

4. ಪೆಡಲ್ ಒತ್ತಿದಾಗ ಹೋಸ್ ಪೈಪು ಉಬ್ಬಿದರೆ ಅದನ್ನು ಬದಲಿಸಲೇಬೇಕು.

ಪೆಡಲ್ ಒತ್ತಿ ಹಿಡಿದು ಇಂಜಿನ್ ಚಾಲೂ ಮಾಡಿದಾಗ ಅದು ಕೊಂಚ ಕೆಳಗಿಳಿಯುವುದು ದೋಷವಲ್ಲ. ಬೂಸ್ಟರ್ ಕೆಲಸ ಮಾಡುತ್ತಿರುವುದರ ಲಕ್ಷಣ.

ದುರಸ್ತಿ

ಸೋರಿಕೆಯನ್ನು ಸರಿಪಡಿಸದೆ ಆಯಿಲ್ ತುಂಬಿಸುತ್ತ ಹೋಗುವುದು ವ್ಯರ್ಥ. ಏರ್ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಗಾಲಿಯ ನಿಪ್ಪಲ್ ಸಡಿಲಿಸಿ, ಗಾಳಿಗುಳ್ಳೆ ಸಹಿತ ದ್ರವವನ್ನು ನಳಿಕೆಯ ಮೂಲಕ ಬಾಟಲಿಗೆ ಬಿಡಬೇಕು. ನಿಪ್ಪಲ್ ಬಿಗಿದ ನಂತರವೇ ಪೆಡಲ್ ಬಿಡಬೇಕು. ಇಲ್ಲವಾದರೆ ಗಾಳಿ ಮರಳಿ ಒಳಸೇರುತ್ತದೆ. ಡಬ್ಬಿ ಬರಿದಾಗಲು ಬಿಡಬಾರದು. ಯಾವ ಗಾಲಿಯಿಂದ ಆರಂಭಿಸಬೇಕೆಂಬುದು ವಾಹನದ ಕೈಪಿಡಿಯಂತೆ ಇರಲಿ. ಎಬಿಎಸ್ ಇರುವ ಕೆಲವು ಕಾರುಗಳಿಗೆ ಸ್ಕ್ಯಾನರ್ ಯಂತ್ರದ ನೆರವೂ ಬೇಕಾಗುತ್ತದೆ.

ಡಬ್ಬಿಯ ಮುಚ್ಚಳ ತೆರೆಯುವ ಮುನ್ನ ಧೂಳು ಒರೆಸಬೇಕು. ಮುಚ್ಚಳದ ಮೇಲೆ ಸೂಚಿಸಿದ ದರ್ಜೆಯ ಹೊಸ ದ್ರವವನ್ನೇ ಬಳಸಬೇಕು. ತೆರೆದು ಬಹುದಿನ ಇಟ್ಟ ಬಾಟಲಿಯದು ಬೇಡ. ಇಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆ ತಾಗಿದರೆ ರಬ್ಬರ್ ಭಾಗಗಳು ಉಬ್ಬಿ ಕೆಡುತ್ತವೆ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಬೇಕು. ಕೈಪಿಡಿ ಬೇರೆ ಹೇಳದಿದ್ದಲ್ಲಿ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು ಉತ್ತಮ ರೂಢಿ.

ಮಾಲೀಕರ ಹೊಣೆ

1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನ ಪ್ರಕಾರ, ಅಪಾಯಕಾರಿ ದೋಷವುಳ್ಳ ವಾಹನವನ್ನು ಚಲಾಯಿಸುವವರಷ್ಟೇ ಅಲ್ಲ, ಚಲಾಯಿಸಲು ಬಿಡುವವರೂ ಶಿಕ್ಷಾರ್ಹರು. ದೋಷ ತಿಳಿದಿದ್ದರೆ ಮಾತ್ರವಲ್ಲ, ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದರೂ ಹೊಣೆ ತಪ್ಪದು. ಆದ್ದರಿಂದ ಚಾಲಕನು “ಬ್ರೇಕ್ ಮೆತ್ತಗಾಗಿದೆ ಸಾಹುಕಾರ್ರೇ” ಎಂದಾಗ ಮುಂದಿನ ಖೇಪಿನವರೆಗೆ ಕಾಯಿಸುವುದು ಸಲ್ಲದು.

ಬ್ರೇಕ್ ಬಿಚ್ಚುವ ಕೆಲಸವನ್ನು ಅನುಭವಿ ಮೆಕ್ಯಾನಿಕರಿಗೆ ಒಪ್ಪಿಸುವುದೇ ಲೇಸು. ಸೋರಿಕೆ ಕಂಡರೆ ಅಥವಾ ಪೆಡಲ್ ತಳ ಮುಟ್ಟುತ್ತಿದ್ದರೆ ವಾಹನವನ್ನು ಗ್ಯಾರೇಜಿಗೆ ಓಡಿಸದೆ ಮೆಕ್ಯಾನಿಕರನ್ನೇ ಕರೆಸಬೇಕು. “ಬ್ರೇಕ್ ಸರಿ ಮಾಡಿ” ಎಂದಷ್ಟೇ ಹೇಳದೆ, ಮೇಲಿನ ಲಕ್ಷಣಗಳಲ್ಲಿ ಯಾವುದು ಕಂಡಿತೆಂದು ತಿಳಿಸಿದರೆ ಕೆಲಸ ಬೇಗ ಮುಗಿಯುತ್ತದೆ. ದುರಸ್ತಿಯ ನಂತರ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಖಾಲಿ ಬಯಲಿನಲ್ಲಿ ನಿಧಾನವಾಗಿ ಓಡಿಸಿ ನೋಡಿದ ಮೇಲೆಯೇ ಹಣ ಪಾವತಿಸಿ, ವಾಹನವನ್ನು ರಸ್ತೆಗೆ ಇಳಿಸತಕ್ಕದ್ದು.