ಬನ್ನು ಮೆತ್ತಗೆ, ವಡೆ ಗರಿಗರಿ: ಏಕೆ?

ಮಕ್ಕಳೇ, ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ಮಂಡ್ಯಕ್ಕೋ ಮಳವಳ್ಳಿಗೋ ಹೋಗಿದ್ದೀರಿ ಎಂದುಕೊಳ್ಳಿ. ಕೆಲಸ ಮುಗಿಯುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿದೆ. ತಿಂಡಿಯ ಹೊತ್ತು ಮೀರಿದೆ, ಊಟದ ಹೊತ್ತು ಇನ್ನೂ ಆಗಿಲ್ಲ. ಇಬ್ಬರೂ ಬೇಕರಿಯ ಮುಂದೆ ನಿಲ್ಲುತ್ತೀರಿ. ಗಾಜಿನ ಪೆಟ್ಟಿಗೆಯೊಳಗೆ ಬನ್ನು, ಖಾರಾ ಬನ್ನು, ರಸ್ಕು. ಪಕ್ಕದ ತಟ್ಟೆಯಲ್ಲಿ ಮದ್ದೂರು ವಡೆ. ನೀವು ಬನ್ನು ಕೇಳುತ್ತೀರಿ, ಅಪ್ಪ ವಡೆ ಕೇಳುತ್ತಾರೆ.

ಬನ್ನನ್ನು ಬೆರಳಿನಿಂದ ಒತ್ತಿ ನೋಡಿ. ಸ್ಪಂಜಿನಂತೆ ತಗ್ಗಿ ಮತ್ತೆ ಮೇಲೇಳುತ್ತದೆ. ವಡೆಯನ್ನು ಮುರಿದರೆ 'ಕಟಕ್' ಎನ್ನುತ್ತದೆ. ಬನ್ನಿಗೆ ಬಳಸುವುದು ಮೈದಾ. ವಡೆಗೆ ರವೆ, ಮೈದಾ, ಜೊತೆಗೆ ಅಕ್ಕಿ ಹಿಟ್ಟು. ರವೆ, ಮೈದಾ ಎರಡೂ ಗೋಧಿಯಿಂದಲೇ ಬಂದವು. ಹಾಗಾದರೆ ಒಂದು ಮೆತ್ತಗೆ, ಇನ್ನೊಂದು ಗರಿಗರಿ ಆದದ್ದು ಹೇಗೆ? ಇದರ ಉತ್ತರ ತಿಳಿದರೆ ಯಾವ ತಿನಿಸು ಬೇಗ ಕೆಡುತ್ತದೆ ಎಂಬುದೂ ತಿಳಿಯುತ್ತದೆ. ಬನ್ನಿ, ನೋಡೋಣ.

ಬನ್ನನ್ನು ಉಬ್ಬಿಸುವವರು ಯಾರು?

ಬನ್ನನ್ನು ಬಿಡಿಸಿದರೆ ಒಳಗೆಲ್ಲ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಇವು ಯೀಸ್ಟ್ ಎಂಬ ಜೀವಿಯ ಕೆಲಸ. ಯೀಸ್ಟ್ ಒಂದೇ ಜೀವಕೋಶವಿರುವ ಶಿಲೀಂಧ್ರ. ಬರಿಗಣ್ಣಿಗೆ ಕಾಣುವುದಿಲ್ಲ. ಮೈದಾ, ಸಕ್ಕರೆ, ನೀರು, ಯೀಸ್ಟ್ ಸೇರಿಸಿ ನಾದಿ ಇಟ್ಟರೆ, ಯೀಸ್ಟ್ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊರಬಿಡುತ್ತದೆ. ಹೀಗೆ ಹುದುಗುವುದು ಜೀವಿಗಳಿಂದಲೇ ಎಂದು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ 1857ರಿಂದ ನಡೆಸಿದ ಪ್ರಯೋಗಗಳಲ್ಲಿ ತೋರಿಸಿದರು.

ಅನಿಲ ಹಾರಿಹೋಗಬಾರದೇಕೆ? ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಉಂಟಾಗುತ್ತದೆ. ನಾದಿದಷ್ಟೂ ಅದು ರಬ್ಬರಿನಂತೆ ಎಳೆಯುವ ಬಲೆಯಾಗುತ್ತದೆ. ಅನಿಲ ಆ ಬಲೆಯಲ್ಲಿ ಸಿಕ್ಕಿಬಿದ್ದು, ಬಲೂನಿನಂತೆ ಹಿಟ್ಟನ್ನು ಉಬ್ಬಿಸುತ್ತದೆ. ನಮ್ಮ ರಾಗಿ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ. ಆದ್ದರಿಂದಲೇ ಬರೀ ರಾಗಿಯಿಂದ ಇಂಥ ಬನ್ನು ಮಾಡುವುದು ಕಷ್ಟ.

ಬೇಕರಿಯ ಒಲೆಯ ಶಾಖ ಸುಮಾರು 200 ಡಿಗ್ರಿ ಸೆಲ್ಸಿಯಸ್. ಆ ಶಾಖಕ್ಕೆ ಬನ್ನಿನ ಮೇಲ್ಮೈ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಒಳಭಾಗ 100 ಡಿಗ್ರಿ ದಾಟುವುದಿಲ್ಲ. ಏಕೆಂದರೆ ಅಲ್ಲಿ ನೀರಿದೆ. ನೀರು ಇರುವವರೆಗೆ ಬಂದ ಶಾಖವೆಲ್ಲ ಅದನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಬೆಂದ ಮೇಲೂ ಒಳಗೆ ಸಾಕಷ್ಟು ನೀರು ಉಳಿಯುತ್ತದೆ. ಬನ್ನು ಮೆತ್ತಗಿರುವುದು ಇದರಿಂದಲೇ.

ವಡೆಯ ನೀರು ಎಲ್ಲಿ ಹೋಯಿತು?

ಮದ್ದೂರು ವಡೆಯ ಹಿಟ್ಟಿಗೆ ಯೀಸ್ಟ್ ಹಾಕುವುದಿಲ್ಲ. ಬದಲಿಗೆ ಬಿಸಿ ತುಪ್ಪ ಅಥವಾ ಎಣ್ಣೆ ಹಾಕಿ ಉಜ್ಜುತ್ತಾರೆ. ಜಿಡ್ಡು ಹಿಟ್ಟಿನ ಕಣಗಳ ಸುತ್ತ ಅಂಟಿಕೊಂಡು, ಗ್ಲುಟೆನ್ ಬಲೆ ಬಲವಾಗಿ ಕಟ್ಟದಂತೆ ತಡೆಯುತ್ತದೆ. ಬಳಿಕ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ, ಸ್ವಲ್ಪವೇ ನೀರು ಚಿಮುಕಿಸಿ ಕಲಸಿ, ತೆಳ್ಳಗೆ ತಟ್ಟಿ ಎಣ್ಣೆಗೆ ಬಿಡುತ್ತಾರೆ.

ಆಗ ಬಾಣಲೆಯನ್ನು ದೂರದಿಂದ ಗಮನಿಸಿ. ವಡೆಯ ಸುತ್ತ ಗುಳ್ಳೆಗಳು ಭರಭರನೆ ಏಳುತ್ತವೆ. ಅದು ಎಣ್ಣೆ ಕುದಿಯುವುದಲ್ಲ. ವಡೆಯೊಳಗಿನ ನೀರು ಆವಿಯಾಗಿ ಹೊರಬರುವುದು. ಗುಳ್ಳೆ ಕಡಿಮೆಯಾಯಿತು ಎಂದರೆ ನೀರು ಬಹುಪಾಲು ಹೋಯಿತು ಎಂದರ್ಥ. ವಡೆ ತೆಳ್ಳಗಿರುವುದರಿಂದ ನಡುವಿನ ನೀರೂ ಹೊರಬರುತ್ತದೆ, ವಡೆ ಗರಿಗರಿಯಾಗುತ್ತದೆ. ಮದ್ದೂರು ರೈಲು ನಿಲ್ದಾಣದಲ್ಲಿ ಫಲಾಹಾರ ಮಂದಿರ ನಡೆಸುತ್ತಿದ್ದ ರಾಮಚಂದ್ರ ಬುಧ್ಯ ಅವರು 1917ರಲ್ಲಿ ಈ ವಡೆಯನ್ನು ಮೊದಲು ಮಾಡಿದರು ಎಂದು ಹೇಳುತ್ತಾರೆ. ಕಟ್ಟಿಕೊಂಡು ಹೋದರೆ ದಾರಿಯಲ್ಲಿ ಹಳಸದ ತಿನಿಸು ರೈಲಿನವರಿಗೆ ಎಷ್ಟು ಅನುಕೂಲ, ನೀವೇ ಯೋಚಿಸಿ!

ಬೂಷ್ಟಿಗೂ ನೀರೇ ಬೇಕು

ಬನ್ನನ್ನು ಮೆತ್ತಗಿಡುವ ನೀರೇ ಅದನ್ನು ಕೆಡಿಸುವುದಕ್ಕೂ ದಾರಿ ಮಾಡಿಕೊಡುತ್ತದೆ. ಗಾಳಿಯಲ್ಲಿ ಬೂಷ್ಟಿನ ಬೀಜಕಗಳು ಸದಾ ತೇಲುತ್ತಿರುತ್ತವೆ. ತೇವವಿರುವ ಬನ್ನಿನ ಮೇಲೆ ಬಿದ್ದರೆ ಎರಡು ಮೂರು ದಿನಗಳಲ್ಲೇ ಹಸಿರು, ಕಪ್ಪು ಚುಕ್ಕೆಗಳು ಮೂಡಬಹುದು. ರಸ್ಕನ್ನು ಎರಡು ಸಲ ಸುಟ್ಟು ನೀರು ತೆಗೆದಿರುವುದರಿಂದ ಅಲ್ಲಿ ಬೂಷ್ಟು ಬೆಳೆಯಲಾರದು. ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ವಡೆಯಲ್ಲಿ ಈರುಳ್ಳಿ ಇರುವುದರಿಂದ ಅದು ರಸ್ಕಿನಷ್ಟು ದಿನ ಬಾಳುವುದಿಲ್ಲ. ಮಳೆಗಾಲದಲ್ಲಿ ಹೊರಗಿಟ್ಟರಂತೂ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ.

ಬೂಷ್ಟು ಬಂದ ಬನ್ನಿನಲ್ಲಿ ಆ ಭಾಗವನ್ನಷ್ಟೇ ಕಿತ್ತು ಉಳಿದದ್ದನ್ನು ತಿನ್ನುವ ರೂಢಿ ಹಲವು ಮನೆಗಳಲ್ಲಿದೆ. ಅನ್ನ ಹಾಳು ಮಾಡಬಾರದು ಎಂಬ ಹಿರಿಯರ ಮಾತು ದೊಡ್ಡದು. ಆದರೆ ಇಲ್ಲಿ ಅದು ನಡೆಯದು. ಕಣ್ಣಿಗೆ ಕಾಣುವ ಚುಕ್ಕೆ ಬೂಷ್ಟಿನ ಒಂದು ಭಾಗ ಮಾತ್ರ. ಅದರ ಎಳೆಗಳು ಬೇರಿನಂತೆ ಬನ್ನಿನ ಒಳಗೂ ಹರಡಿರುತ್ತವೆ. ಕೆಲವು ಬಗೆಯ ಬೂಷ್ಟು ವಿಷವನ್ನೂ ಉಂಟುಮಾಡುತ್ತದೆ. ಸುಟ್ಟರೂ ಬಿಸಿ ಮಾಡಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಅಂಥ ಬನ್ನನ್ನು ದನಕ್ಕೂ ಹಾಕಬೇಡಿ, ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಹಾಳಾಗಬಾರದು ಎಂದಿದ್ದರೆ ಬೇಕಾದಷ್ಟೇ ಕೊಳ್ಳಿ. "ಅಣ್ಣಾ, ಇದು ಯಾವತ್ತಿನ ಬನ್ನು?" ಎಂದು ಕೇಳಲು ನಾಚಬೇಡಿ. ಪ್ಯಾಕೆಟ್ ಆದರೆ ದಿನಾಂಕ ಓದಿ ಅಪ್ಪನಿಗೆ ಹೇಳಿ. ವಡೆಯನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಸಿಕೊಳ್ಳಬೇಡಿ. ಮುದ್ರಣದ ಮಸಿ ಎಣ್ಣೆಯ ಮೂಲಕ ತಿನಿಸಿಗೆ ಸೇರುತ್ತದೆ.

ಮಾಡಿ ನೋಡಿ

ಬೇಕರಿಯ ಒಂದು ಬನ್ನಿನಿಂದ ಒಂದೇ ಅಳತೆಯ ಮೂರು ತುಂಡು ಮಾಡಿ. (ಪ್ಯಾಕೆಟ್ ಬ್ರೆಡ್ಡಿಗೆ ಬೂಷ್ಟು ತಡೆಯುವ ಪದಾರ್ಥ ಸೇರಿಸಿರುವುದುಂಟು, ಆದ್ದರಿಂದ ಬನ್ನೇ ಇರಲಿ.) ಒಂದಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ. ಎರಡನೆಯದನ್ನು ಹಾಗೇ ಬಿಡಿ. ಮೂರನೆಯದನ್ನು ದೊಡ್ಡವರ ಸಹಾಯದಿಂದ ತವದ ಮೇಲೆ ಪೂರ್ತಿ ಒಣಗಿಸಿ, ಆರಲು ಬಿಡಿ. ಮೂರನ್ನೂ ಬೇರೆ ಬೇರೆ ಪಾರದರ್ಶಕ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಹೆಸರು ಬರೆದು ತರಗತಿಯ ಮೂಲೆಯಲ್ಲಿಡಿ.

ಏಳು ದಿನ ಕವರ್ ಬಿಚ್ಚದೆ, ಮೂಸದೆ, ಹೊರಗಿನಿಂದಲೇ ನೋಡಿ. ಯಾವ ತುಂಡಿನಲ್ಲಿ, ಯಾವ ದಿನ ಮೊದಲ ಚುಕ್ಕೆ ಕಂಡಿತು? ಒಂದು ಪಟ್ಟಿ ಮಾಡಿ. ಕೊನೆಗೆ ತುಂಡುಗಳನ್ನು ಕವರಿನ ಸಮೇತ ಶಿಕ್ಷಕರಿಗೆ ಒಪ್ಪಿಸಿ, ಸೋಪಿನಿಂದ ಕೈ ತೊಳೆಯಿರಿ. ಪಟ್ಟಿಯನ್ನು ಮಾತ್ರ ಮನೆಗೆ ಒಯ್ದು ಅಮ್ಮನಿಗೆ ತೋರಿಸಿ.